ಹೆಸರಿಲ್ಲದ ಅಚ್ಚು

ಶಕುನ, ಸೂಚನೆ, ಮನಸ್ಸಿಗೆ ಮೊದಲೇ ತಿಳಿಯುವುದು, ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೀಯಾ ಎಂದು ಕೇಳಿದರೆ ಹೌದು ಎನ್ನಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ನಾನು ಓದಿದ್ದು ಡಿಪ್ಲೊಮಾ. ಕೆಲಸ ಕಲಿತದ್ದು ಲೇಥ್ ಮುಂದೆ ನಿಂತು. ರಬಕವಿ-ಬನಹಟ್ಟಿಯ ಮಗ್ಗದವರು ಮುರಿದ ಗಿಯರ್ ಹಿಡಿದುಕೊಂಡು ಮುಧೋಳದ ನನ್ನ ಅಂಗಡಿಗೆ ಬರುತ್ತಾರೆ, ಕೆಲಸ ಮುಗಿಯುವವರೆಗೆ ಬೆಂಚಿನಂಥ ಕಟ್ಟಿಗೆ ಬಾಕಿನ ಮೇಲೆ ಕುಳಿತು ಮಾತಾಡುತ್ತಾರೆ. ಒಮ್ಮೆ ಒಬ್ಬರು, ತಮ್ಮ ತಂದೆ ತೀರಿಕೊಂಡ ದಿನ ಅವರ ಮಗ್ಗ ತಾನೇ ತಾನಾಗಿ ನಡೆಯಿತು ಎಂದು ಹೇಳಿದರು. "ಸ್ಟಾರ್ಟರ್ ಚೆಕ್ ಮಾಡಿಸಿದ್ರೇನ್ರಿ?" ಎಂದು ನಾನು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ನನಗೆ ಮೊದಲು ಹೊಳೆದದ್ದೇ ಅದು.

ಅಂಥ ಮನುಷ್ಯ ನಾನು. ಆದ್ದರಿಂದ ನೀವು ಇದನ್ನು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ಇಂಥ ಸಂಗತಿಗಳು ಸಾಮಾನ್ಯವಾಗಿ ಕತ್ತಲಲ್ಲಿ ನಡೆಯುತ್ತವೆ. ನನ್ನದು ನಡೆದದ್ದು ಚಳಿಗಾಲದ ಒಂದು ಮುಂಜಾನೆ, ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಿದ್ದ ಹೊತ್ತಿನಲ್ಲಿ.

ಅದಕ್ಕೆ ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಮಗ್ಗದ ಗಿಯರು, ಪಂಪಿನ ರೆಕ್ಕೆ ಇವುಗಳನ್ನು ಎರಕ ಹೊಯ್ಯುವುದಕ್ಕೆ ಮೊದಲು ಒಂದು ಮಾದರಿ ಬೇಕು. ಮೊದಲು ಅದನ್ನು ಕಟ್ಟಿಗೆಯಲ್ಲಿ ಕೆತ್ತುತ್ತಿದ್ದೆ. ಆಮೇಲೆ ತ್ರೀಡಿ ಪ್ರಿಂಟರ್ ತಂದೆ. ಕಂಪ್ಯೂಟರಿನಲ್ಲಿ ಬಿಡಿಸಿದ ಆಕಾರವನ್ನು ಅದು ಕೂದಲಿನಷ್ಟು ತೆಳುವಾದ ಪದರದ ಮೇಲೆ ಪದರ ಕೂಡಿಸುತ್ತ, ಅಂಟಿನಂಥ ದ್ರವವನ್ನು ಗಟ್ಟಿ ಮಾಡುತ್ತ, ಮೇಲೆಬ್ಬಿಸುತ್ತದೆ. ಜಮಖಂಡಿಯ ಒಬ್ಬ ಸರ್ಜನ್ ತಮ್ಮ ಆಸ್ಪತ್ರೆಯ ಯಾವುದೋ ಯಂತ್ರದ ಹಿಡಿಕೆ ಮುರಿಯಿತೆಂದು ನನ್ನ ಹತ್ತಿರ ಬಂದಿದ್ದರು. ಪ್ರಿಂಟರ್ ನಡೆಯುವುದನ್ನು ಬಹಳ ಹೊತ್ತು ನೋಡುತ್ತ ನಿಂತು, "ಇದರಾಗ ಮನುಷ್ಯಾನ ಲಿವರ್ ಮಾಡ್ಲಿಕ್ಕೆ ಬರ್ತದೇನ್ರಿ?" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಹೊಟ್ಟೆಯ ಸ್ಕ್ಯಾನ್ ಎಂದರೆ ಬ್ರೆಡ್ಡಿನ ಹೋಳುಗಳಿದ್ದಂತೆ ನೂರಾರು ಚಿತ್ರಗಳು. ಅವನ್ನು ಕೂಡಿಸಿದರೆ ಒಳಗಿನ ಅಂಗದ ನಿಜವಾದ ಆಕಾರ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಗಡ್ಡೆ ಎಲ್ಲಿದೆ, ರಕ್ತನಾಳ ಅದರ ಮೇಲೆ ಹಾಯ್ದಿದೆಯೋ ಒಳಗೆ ಹಾಯ್ದಿದೆಯೋ, ಎಲ್ಲಿಂದ ಕೊಯ್ದರೆ ದಾರಿಯಿದೆ ಎನ್ನುವುದು ಹೊಟ್ಟೆ ತೆರೆಯುವ ಮೊದಲೇ ತಿಳಿಯುತ್ತದೆ. "ಲೋಕಾಪುರ ಸರ್ಕಲ್‌ದಾಗ ಯಾವ ರಸ್ತಾ ಎಲ್ಲಿಗೆ ಹೋಗ್ತದ ಅಂತ ಗೊತ್ತಿಲ್ದ ಡ್ರೈವರ್ ಕಣ್ಣು ಮುಚ್ಚಿ ಗಾಡಿ ಹೊಡದ್ರ ಹೆಂಗ? ನಾವು ಎಷ್ಟೋ ಸಲ ಹಂಗ ಹೊಡೀತೇವಿ ನೋಡ್ರಿ," ಎಂದರು ಡಾಕ್ಟರು.

ಹಾಗೆ ಶುರುವಾಯಿತು. ಅವರು ಫೈಲು ಕಳಿಸುತ್ತಿದ್ದರು. ನಾನು ಲಿವರನ್ನು ಗಾಜಿನಂಥ ಪಾರದರ್ಶಕ ವಸ್ತುವಿನಲ್ಲಿ ಎರಡು ಹೋಳಾಗಿ ತೆಗೆದು, ನಾಳಗಳನ್ನು ಬೇರೆ ತೆಗೆದು, ಕೆಂಪು ನೀಲಿ ಹಸಿರು ಬಣ್ಣ ಹಚ್ಚಿ ಒಳಗೆ ಕೂಡಿಸುತ್ತಿದ್ದೆ. ಗಡ್ಡೆಗೆ ಹಳದಿ. ಫೈಲಿನ ಮೇಲೆ ರೋಗಿಯ ಹೆಸರು, ಊರು, ವಯಸ್ಸು ಯಾವುದೂ ಇರುತ್ತಿರಲಿಲ್ಲ, ಒಂದು ಸಂಖ್ಯೆ ಮಾತ್ರ. ಹಾಗೆಯೇ ಇರಬೇಕೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನನಗೂ ಅದೇ ಸರಿಯೆನಿಸಿತ್ತು. ಗಿಯರಿಗೆ ಹೆಸರಿರುತ್ತದೆಯೇ?

ನನ್ನ ಅಕ್ಕ ಶಾಂತವ್ವ ಬೀಳಗಿಯಲ್ಲಿದ್ದಳು. ನಮ್ಮ ಮೂಲ ಹುನ್ನೂರ, ಕುರಿ ಸಾಕಿದ ಮನೆತನ. ಅಪ್ಪ ವರ್ಷದ ಅರ್ಧ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದರು. ನಾನಿನ್ನೂ ಶಾಲೆಗೆ ಹೋಗದ ವಯಸ್ಸಿನಲ್ಲಿ ಅವ್ವ ಹೊಟ್ಟೆನೋವು ಬಂದು ಮಲಗಿದಳು. ಹೊಟ್ಟೆಯಲ್ಲಿ ಗಂಟು ಎಂದರು. ಯಾವ ಗಂಟು, ಎಲ್ಲಿ, ಯಾರಿಗೂ ತಿಳಿಯಲಿಲ್ಲ. ಮನೆದೇವರು ಬೀರಪ್ಪನ ಅರಿಶಿನದ ಭಂಡಾರ ಹಚ್ಚಿದರು, ಔಷಧಿಯನ್ನೂ ಕೊಡಿಸಿದರು. ಅವ್ವ ಉಳಿಯಲಿಲ್ಲ. ಅಕ್ಕ ಶಾಲೆ ಬಿಟ್ಟು ನನ್ನನ್ನು ಬೆಳೆಸಿದಳು. ಅವಳಿಗೂ ಆಗಿನ್ನೂ ಲಂಗದ ವಯಸ್ಸು. ಮದುವೆಯಾಗಿ ಬೀಳಗಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. ಅವಳ ಗಂಡ ಭೀಮಪ್ಪ ಮಾಮಾ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸದವರು, ಮಾತು ಕಡಿಮೆ. ಹೆಂಡತಿಯ ಜೊತೆ ಬಂದ ಹುಡುಗನನ್ನು ಒಂದು ದಿನವೂ ಪರಕೀಯ ಎಂದು ನೋಡಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಅಕ್ಕ, "ಒಂದನ್ನ ಸಾಕೀನಲ್ಲ, ಅದರದ ಉಪದ್ವ್ಯಾಪ ಇನ್ನೂ ಮುಗದಿಲ್ಲ," ಎಂದು ನನ್ನ ಕಡೆ ಕೈ ಮಾಡುತ್ತಿದ್ದಳು.

ಆ ದಿನದ ಹಿಂದಿನ ಸಂಜೆ ಒಂದು ಫೈಲು ಬಂದಿತ್ತು. ರಾತ್ರಿಯಿಡೀ ಪ್ರಿಂಟರ್ ತನ್ನಷ್ಟಕ್ಕೆ ನಡೆದು ಬೆಳಗಾಗುವುದರೊಳಗೆ ಕೆಲಸ ಮುಗಿಸಿತ್ತು. ನಾನು ಬಾಗಿಲು ತೆಗೆದು, ಅಚ್ಚನ್ನು ಬಿಡಿಸಿ, ಗಟ್ಟಿ ಮಾಡುವ ಬೆಳಕಿನ ಪೆಟ್ಟಿಗೆಯಲ್ಲಿಟ್ಟು ತೆಗೆದೆ. ಇನ್ನುಳಿದದ್ದು ಉಜ್ಜುವ ಕೆಲಸ. ಬೋಗುಣಿಯಲ್ಲಿ ನೀರು ತುಂಬಿಕೊಂಡು, ನೀರೊಳಗೇ ಹಿಡಿದು, ನುಣ್ಣನೆ ಸ್ಯಾಂಡ್‌ಪೇಪರ್ ಕಾಗದದಿಂದ ಮೈ ತಿಕ್ಕಬೇಕು. ಇದಕ್ಕೆ ನಾನು ಕೈಗವಸು ಹಾಕುವುದಿಲ್ಲ, ಎಲ್ಲಿ ತರಿ ಉಳಿದಿದೆ ಎನ್ನುವುದು ಬೆರಳಿಗೇ ತಿಳಿಯಬೇಕು. ನೀರು ಬಹಳ ತಣ್ಣಗಿತ್ತು.

ಎಂದಿನಂತೆ ತಿಕ್ಕುತ್ತಿದ್ದೆ. ಮನಸ್ಸಿನಲ್ಲಿ ಬನಹಟ್ಟಿಗೆ ಕಳಿಸಬೇಕಾದ ಗಿಯರಿನ ವಿಚಾರವಿತ್ತು. ಒಂದು ಕಡೆ ಲಿವರಿನ ಕೆಳಗಿನ ತಗ್ಗಿನಲ್ಲಿ ನನ್ನ ಹೆಬ್ಬೆರಳು ಹೋಗಿ ಕುಳಿತಿತು. ಆ ಕ್ಷಣ ನನಗೆ, ಇದು ಅಕ್ಕಂದು, ಎಂದು ಗೊತ್ತಾಯಿತು.

ಗೊತ್ತಾಯಿತು ಎನ್ನುವುದಕ್ಕಿಂತ ಬೇರೆ ಶಬ್ದ ನನಗೆ ಸಿಗುವುದಿಲ್ಲ. ಧ್ವನಿ ಕೇಳಲಿಲ್ಲ, ಅಕ್ಕನ ಮುಖ ಕಣ್ಮುಂದೆ ಬರಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬೆನ್ನು ತಿರುಗಿಸಿ ನಿಂತವರನ್ನು ನೋಡಿ, ಮುಖ ಕಾಣದಿದ್ದರೂ, ನಮ್ಮವರು ಎಂದು ತಿಳಿಯುತ್ತದಲ್ಲ, ಅಷ್ಟು ಸಹಜವಾಗಿ ತಿಳಿಯಿತು. ಆಮೇಲೆ ಹೆದರಿಕೆಯಾಯಿತು. ಅಕ್ಕನ ಹೊಟ್ಟೆಯ ಒಳಗನ್ನು ನಾನು ಎಂದು ಕಂಡಿದ್ದೇನೆ? ಯಾರು ತಾನೇ ಕಂಡಿರುತ್ತಾರೆ? ಹೋದ ತಿಂಗಳಷ್ಟೇ ಅವಳನ್ನು ಭೇಟಿಯಾಗಿ ಬಂದಿದ್ದೆ, ಏನೂ ಹೇಳಿರಲಿಲ್ಲ.

ಕೈ ಒರೆಸಿಕೊಂಡು ಫೋನ್ ಮಾಡಿದೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು.

"ಎಲ್ಲಿದ್ದಿ ಅಕ್ಕಾ?"

"ಮನ್ಯಾಗ ಅದೀನಿ. ರೊಟ್ಟಿ ಬಡ್ಯಾಕತ್ತಿದ್ದೆ, ಅದಕ್ಕ ಎತ್ತಲಿಲ್ಲ. ಯಾಕೋ, ದನಿ ಹಿಂಗ್ಯಾಕ ಆಗೇತಿ?"

"ಏನಿಲ್ಲ. ಆರಾಮ ಅದಿ ಹೌದಲ್ಲ?"

"ನನಗೇನ ಆಗೇತಿ ಧಾಡಿ. ನೀ ಉಂಡಿಯೇನ?"

ಉಂಡೆ ಎಂದು ಹೇಳಿ ಇಟ್ಟೆ. ಎದೆಯ ಮೇಲಿನ ಕಲ್ಲು ಇಳಿಯಿತು. ನನ್ನ ಹುಚ್ಚುತನಕ್ಕೆ ನಾನೇ ನಕ್ಕು ಬೋಗುಣಿಯ ಮುಂದೆ ಬಂದು ಕುಳಿತೆ. ಆದರೆ ಕಾಗದ ಹಿಡಿದು ಆ ಅಚ್ಚನ್ನು ತಿಕ್ಕಲು ಕೈ ಏಳಲಿಲ್ಲ. ನೋಯುತ್ತದೆ ಎಂಬಂತೆ ಬೆರಳು ಹಿಂದೆ ಸರಿಯುತ್ತಿತ್ತು. ಅಲ್ಲಿಗೇ ಬಿಟ್ಟು, ನಾಳಗಳಿಗೆ ಬಣ್ಣ ಹಚ್ಚಿ ಕೂಡಿಸಿದೆ. ಸಾಮಾನ್ಯವಾಗಿ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಡುತ್ತಿದ್ದೆ. ಅಂದು ಕೊಡಲು ಮನಸ್ಸಾಗಲಿಲ್ಲ. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ನಾನೇ ಬಸ್ ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಂಗಾಮು. ಬಸ್ಸು ಅವುಗಳ ಹಿಂದೆ ತೆವಳುತ್ತ ಜಮಖಂಡಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಡಾಕ್ಟರು ಮಾದರಿಯನ್ನು ಬಿಚ್ಚಿ ನೋಡಿ ಸಂತೋಷಪಟ್ಟರು. ಹಳದಿ ಗಡ್ಡೆ ದೊಡ್ಡ ನೀಲಿ ನಾಳಕ್ಕೆ ಒರಗಿಕೊಂಡಿತ್ತು. ಅವರು ಅದರ ನಡುವೆ ಪೆನ್ನಿನ ತುದಿ ಇಟ್ಟು, "ಇಲ್ಲಿ ಸಂದಿ ಐತಿ ನೋಡ್ರಿ. ಇದು ಚಿತ್ರದಾಗ ಕಂಡಿರಲಿಲ್ಲ," ಎಂದರು.

"ಡಾಕ್ಟರ್, ಇದು ಯಾರದ್ರಿ?"

"ಅದನ್ನ ಹೇಳ್ಲಿಕ್ಕೆ ಬರಂಗಿಲ್ಲ. ನಿಮಗ ಗೊತ್ತೈತಲ್ಲ."

"ನೀವು ಹೇಳಬ್ಯಾಡ್ರಿ. ನಾ ಒಂದು ಹೆಸರು ಹೇಳ್ತೀನಿ. ಅಲ್ಲ ಅಂತಂದ್ರ ನಾ ಎದ್ದು ಹೊಕ್ಕೀನಿ. ಬೀಳಗಿ ಶಾಂತವ್ವ."

ಅವರು ಪೆನ್ನು ಕೆಳಗಿಟ್ಟರು. ಅಲ್ಲ ಎನ್ನಲಿಲ್ಲ. "ನಿಮಗ ಯಾರು ಹೇಳಿದ್ರು?" ಎಂದರು. ಅವಳು ನನ್ನ ಅಕ್ಕ ಎಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ಮ್ಯಾಲಿನ ವಾರ್ಡಿನಾಗ ಅದಾರ. ಅವರನ್ನ ಕೇಳಿ ನಿಮ್ಮನ್ನ ಕರೀತೀನಿ," ಎಂದರು.

ಕರೆದ ಮೇಲೆ ಹೋದೆ. ಮುಂಜಾನೆ ಫೋನಿನಲ್ಲಿ ಮನೆಯಲ್ಲಿದ್ದೇನೆ ಎಂದಿದ್ದ ಅಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿದ್ದಳು. ಮಾಮಾ ಸ್ಟೂಲಿನ ಮೇಲೆ ತಲೆ ಬಗ್ಗಿಸಿಕೊಂಡಿದ್ದರು. ನನ್ನನ್ನು ಕಂಡು ಅಕ್ಕ ಮೊದಲು ಗಂಡನ ಕಡೆ ನೋಡಿದಳು. ಅವರು ನಾನು ಹೇಳಿಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದರು.

"ಡಾಕ್ಟರ್ ಹೇಳಿದ್ರೇನ?"

"ಇಲ್ಲ. ನಿಂದು ಅಂತ ನನಗ ಗೊತ್ತಾತು."

"ಹೆಂಗ ಗೊತ್ತಾತೋ?"

"ಗೊತ್ತಿಲ್ಲ ಅಕ್ಕಾ."

ಅವಳು ಮಂಚದ ಮೇಲೆ ಜಾಗ ಮಾಡಿ ಕೂರಿಸಿಕೊಂಡಳು. "ಅವ್ವ ಮಲಗಿದಾಗ ನೀ ಸಣ್ಣಾಂವ. ಬಾಗಲದಾಗ ಕುಂತು ಅಕಿನ್ನ ನೋಡ್ತಿದ್ದಿ, ಎಬ್ಬಿಸಿದ್ರೂ ಏಳ್ತಿದ್ದಿಲ್ಲ. ಅದನ್ನ ಇನ್ನೊಮ್ಮೆ ನಿನಗ ತೋರಸೂದು ಬ್ಯಾಡಾಗಿತ್ತು. ಆಪರೇಷನ್ ಆದ ಮ್ಯಾಲ ಹೇಳೂಣು ಅಂದಿದ್ದೆ. ಮುಧೋಳದಾಗ ಅಚ್ಚ ಮಾಡಸ್ತೇವಿ ಅಂತ ಡಾಕ್ಟರ್ ಅಂದಾಗ ಎದಿ ಧಸಕ್ ಅಂತು. ನನ್ನ ಹೆಸರು ಬರಿಬ್ಯಾಡ್ರಿ ಅಂದೆ. ನಾವು ಯಾರದೂ ಬರಿಯಂಗಿಲ್ಲವ್ವಾ ಅಂದ್ರು."

ಅಷ್ಟರಲ್ಲಿ ಅವಳು ಏನೋ ನೆನಪಾದವಳಂತೆ ಹೊಟ್ಟೆಯ ಬಲಭಾಗದ ಮೇಲೆ ಅಂಗೈ ಇಟ್ಟುಕೊಂಡು ಗಂಡನಿಗೆ ಹೇಳಿದಳು: "ಹೌದಲ್ರೀ, ಮುಂಜಾನಿ ನಿಮಗ ಅಂದೆನಲ್ಲ, ಯಾರೋ ತಣ್ಣನ ಕೈ ಇಟ್ಟಂಗ ಆತು, ನೋವು ಗಪ್ಪಂತ ನಿಂತ ಬಿಡ್ತು ಅಂತ?" ಮಾಮಾ ಹೂಂ ಎಂದರು. ನಾನು ನೀರಿನ ಬೋಗುಣಿಯ ವಿಷಯ ಅವರಿಗೆ ಹೇಳಲಿಲ್ಲ. ಹೇಳಲು ಧೈರ್ಯವಾಗಲಿಲ್ಲ.

ಸಂಜೆ ಡಾಕ್ಟರು ಮಾದರಿಯನ್ನು ಮೇಲೆ ತಂದು, ಹೇಗೆ ಕೊಯ್ಯುತ್ತಾರೆಂದು ಅವಳಿಗೆ ತಿಳಿಸಿ ಹೇಳಿದರು. ಅಕ್ಕ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಪಾರದರ್ಶಕ ಮೈಯೊಳಗೆ ಕೆಂಪು ನೀಲಿ ಕವಲುಗಳು ಗಿಡದ ಹಾಗೆ ಹರಡಿದ್ದವು. "ನನ್ನ ಒಳಗ ಇಷ್ಟು ಚಂದ ಐತೇನ?" ಎಂದಳು. ಹಳದಿಯದು ಏನೆಂದು ಅವಳು ಕೇಳಲಿಲ್ಲ.

ಆಪರೇಷನ್ ಡಾಕ್ಟರು ಯೋಜಿಸಿದ ಹಾಗೆಯೇ ನಡೆಯಿತು. ಬೆಳಗಾವಿಯಿಂದ ಇನ್ನೊಬ್ಬ ಸರ್ಜನ್ ಬಂದಿದ್ದರು. ಮಾದರಿಯಲ್ಲಿ ಕಂಡ ಸಂದಿ ಹೊಟ್ಟೆಯೊಳಗೂ ಅಲ್ಲಿಯೇ ಇತ್ತು, ಅಲ್ಲಿಂದಲೇ ಹೋಗಿ ಗಡ್ಡೆಯನ್ನು ಪೂರ್ತಿ ತೆಗೆದೆವು ಎಂದು ಹೊರಗೆ ಬಂದ ಡಾಕ್ಟರು ಹೇಳಿದಾಗ ಮಾಮಾ ನನ್ನ ಕೈಗಳೆರಡನ್ನೂ ಹಿಡಿದುಕೊಂಡು ಮಕ್ಕಳಂತೆ ಅತ್ತರು. ನಾನೂ ಅತ್ತೆ. ನನಗೆ ಗೊತ್ತಾದದ್ದು ಇದಕ್ಕಾಗಿಯೇ ಇರಬೇಕು ಎಂದುಕೊಂಡೆ, ಆ ಕ್ಷಣಕ್ಕೆ.

ಅಕ್ಕ ಚೇತರಿಸಿಕೊಂಡಳು. ಮುಂದಿನ ಬೇಸಿಗೆಯ ಹೊತ್ತಿಗೆ ಮೈಯಲ್ಲಿ ಮಾಂಸ ತುಂಬಿತು, ಮತ್ತೆ ರೊಟ್ಟಿ ಬಡಿಯತೊಡಗಿದಳು. ಒಂದು ದಿನ ಮುಧೋಳಕ್ಕೆ ಬಂದು ಅಂಗಡಿಯಲ್ಲಿ ಮಗ್ಗದವರ ಬಾಕಿನ ಮೇಲೆ ಕುಳಿತು ಪ್ರಿಂಟರನ್ನು ಬಹಳ ಹೊತ್ತು ನೋಡಿದಳು. ಅದು ಯಾವುದೋ ಪಂಪಿನ ರೆಕ್ಕೆಯನ್ನು ಪದರ ಪದರವಾಗಿ ಎಬ್ಬಿಸುತ್ತಿತ್ತು.

"ಇದಕ್ಕ ಅವ್ವಂದು ಮಾಡಾಕ ಬರ್ತದೇನೋ?"

"ಇಲ್ಲ ಅಕ್ಕಾ. ಸ್ಕ್ಯಾನ್ ಬೇಕು."

"ಹೌದ, ಸ್ಕ್ಯಾನ್ ಎಲ್ಲಿಂದ ತರೂದು. ಅಕಿದೊಂದು ಫೋಟೋನ ಇಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲಿತ್ತು ಆ ಗಂಟು ಅಂತ ಒಮ್ಮೆ ನೋಡಬೇಕಂತ ಅನಸ್ತದ."

ಇದಾದ ಮೇಲೆ ಒಂದು ಕಬ್ಬಿನ ಹಂಗಾಮು ಕಳೆಯಿತು. ಎರಡನೆಯದು ಶುರುವಾಗುವ ಹೊತ್ತಿಗೆ ನೋವು ಮರಳಿತು. ಡಾಕ್ಟರು ಸ್ಕ್ಯಾನ್ ಮಾಡಿಸಿ, ನನ್ನನ್ನೂ ಮಾಮಾನನ್ನೂ ಕರೆದು ಕೂರಿಸಿಕೊಂಡು, "ಈ ಸಲ ಅಚ್ಚು ಬೇಕಾಗಂಗಿಲ್ಲ," ಎಂದರು. ಕೊಯ್ಯುವುದಕ್ಕೆ ದಾರಿಯಿದ್ದರೆ ತಾನೇ ದಾರಿಯ ಅಚ್ಚು ಬೇಕು. ಮಾಮಾಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು.

ಆದರೂ ನಾನು ಫೈಲು ಕೇಳಿದೆ. ಹಿಂದೆ ಈ ಕೈಗೆ ತಿಳಿದಿತ್ತು, ಈಗಲೂ ಏನಾದರೂ ತಿಳಿಯಬಹುದು, ಇಬ್ಬರು ಡಾಕ್ಟರರಿಗೆ ಕಾಣದ ಒಂದು ಸಂದಿ ಬೆರಳಿಗೆ ಸಿಗಬಹುದು ಎಂಬ ಆಸೆ. ಡಾಕ್ಟರು ಅನುಮಾನಿಸಿದರು. ಅಕ್ಕನೇ, "ಮಾಡ್ಲಿ ಬಿಡ್ರಿ, ಕೊಡ್ರಿ," ಎಂದಳಂತೆ.

ಅಚ್ಚು ತಯಾರಾಯಿತು. ಈ ಸಲ ಸಂಖ್ಯೆಯ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಅಂಗಡಿಯ ಬಾಗಿಲು ಮುಂದೆ ಮಾಡಿ, ಬೋಗುಣಿಗೆ ತಣ್ಣನೆಯ ನೀರು ತುಂಬಿ, ಅದರೊಳಗೆ ಹಿಡಿದೆ. ನಿಧಾನವಾಗಿ ಹೆಬ್ಬೆರಳನ್ನು ಕೆಳಗಿನ ತಗ್ಗಿಗೆ ತಂದೆ.

ಏನೂ ಇಲ್ಲ. ಪ್ಲಾಸ್ಟಿಕ್ಕು. ತಿರುಗಿಸಿ ಹಿಡಿದೆ. ಕಣ್ಣು ಮುಚ್ಚಿದೆ. ಅಕ್ಕಾ ಎಂದು ಬಾಯಿಬಿಟ್ಟು ಕರೆದೂ ನೋಡಿದೆ, ಈಗ ಬರೆಯಲು ನಾಚಿಕೆಯಾಗುತ್ತದೆ. ಪರಿಚಯವೇ ಇಲ್ಲದವರ ಕೈ ಹಿಡಿದಂತಿತ್ತು. ಹಳದಿ ಈಗ ಒಂದು ಕಡೆಯಲ್ಲ, ಎಲ್ಲೆಡೆ ಚುಕ್ಕೆ ಚುಕ್ಕೆಯಾಗಿ ಇತ್ತು. ನನ್ನ ಕೈ ಮರಗಟ್ಟುವವರೆಗೂ ನೀರಿನಲ್ಲಿ ಹಿಡಿದು ಕುಳಿತೆ. ಆ ಹೊತ್ತಿಗೆ ಅಕ್ಕನಿಗೆ ನೋವೇನಾದರೂ ಇಳಿದಿತ್ತೇ ಎಂದು ಆಮೇಲೆ ಮಾಮಾನನ್ನು ಕೇಳಿದೆ. ಇಳಿದಿರಲಿಲ್ಲ.

ಮರುದಿನ ಬೀಳಗಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಮಲಗಿದ್ದಳು. ನಾನು ಹತ್ತಿರ ಕುಳಿತ ಮೇಲೆ ಮೆಲ್ಲಗೆ ಕೇಳಿದಳು: "ಮಾಡಿದ್ಯಾ?"

"ಮಾಡಿದೆ."

"ಈ ಸಲಾನೂ ಗೊತ್ತಾತೇನ, ನಂದಂತ?"

"ಗೊತ್ತಾತು ಅಕ್ಕಾ," ಎಂದೆ. "ಮುಟ್ಟಿದ ಕೂಡ್ಲೆ ಗೊತ್ತಾತು."

ಅವಳು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಕೆಲವು ದಿನಗಳಲ್ಲಿ ತೀರಿಕೊಂಡಳು. ನಾನು ಹತ್ತಿರವೇ ಇದ್ದೆ. ಬಾಗಿಲಲ್ಲಿ ಕೂರಲಿಲ್ಲ, ತಲೆಯ ಕೆಳಗೆ ತೊಡೆ ಕೊಟ್ಟು ಕುಳಿತಿದ್ದೆ.

ನಂತರ ನಾನು ನನಗೆ ಎಷ್ಟೋ ಕಾರಣ ಹೇಳಿಕೊಂಡಿದ್ದೇನೆ. ಮೊದಲ ಅಚ್ಚಿನ ಹಿಂದಿನ ತಿಂಗಳು ಭೇಟಿಯಾದಾಗ ಅವಳು ಸೊರಗಿದ್ದನ್ನು ಕಣ್ಣು ಕಂಡಿರಬೇಕು, ಮನಸ್ಸು ಮುಚ್ಚಿಟ್ಟಿರಬೇಕು, ಅಚ್ಚು ಒಂದು ನೆಪವಾಗಿರಬೇಕು. ಡಾಕ್ಟರು ಇದನ್ನೇ ಹೇಳಿದರು. ಇರಬಹುದು. ಆದರೆ ಅವಳ ಹೊಟ್ಟೆಯ ಮೇಲಿನ ತಣ್ಣನೆಯ ಕೈ? ಅದು ಕಾಕತಾಳೀಯ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ಎರಡನೆಯ ಸಲ, ಅಷ್ಟು ಗೊತ್ತಿದ್ದೂ, ಅಷ್ಟು ಹಂಬಲಿಸಿದರೂ, ಮನಸ್ಸು ಯಾಕೆ ಏನನ್ನೂ ಕಟ್ಟಿಕೊಡಲಿಲ್ಲ? ಇಂದಿಗೂ ಡಾಕ್ಟರು ಫೈಲು ಕಳಿಸುತ್ತಾರೆ, ನಾನು ಮಾಡಿ ಕೊಡುತ್ತೇನೆ. ಒಮ್ಮೆ ನನ್ನದೇ ಸ್ಕ್ಯಾನ್ ಆದಾಗ ನನ್ನ ಲಿವರನ್ನೂ ಮಾಡಿ ನೋಡಿದೆ. ಏನೂ ಅನಿಸಲಿಲ್ಲ.

ಇದನ್ನೆಲ್ಲ ನಾನು ಮಾಮಾಗೆ ಹೇಳಿದ್ದು ಅಕ್ಕ ಹೋಗಿ ವರ್ಷವಾದ ಮೇಲೆ. ಕಾರ್ಖಾನೆ ಬಿಟ್ಟು ಮನೆಯಲ್ಲಿದ್ದರು. ಎರಡನೆಯ ಸಲ ನನಗೆ ಗೊತ್ತಾಗಿರಲಿಲ್ಲ, ಅಕ್ಕನಿಗೆ ಸುಳ್ಳು ಹೇಳಿದೆ ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಅವರು ಹೇಳಿದರು:

"ಅಕಿಗೆ ಗೊತ್ತಿತ್ತು. ಅವತ್ತ ನೀ ಎದ್ದು ಹೋದ ಮ್ಯಾಲ ಅಂದ್ಲು, ತಮ್ಮ ಸುಳ್ಳ ಹೇಳಿದ, ಅವನಿಗೆ ಏನೂ ಗೊತ್ತಾಗಿಲ್ಲ ಅಂತ. 'ಈ ಸಲ ಅವನಿಗೆ ಗೊತ್ತಾಗಬಾರದು ಅಂತ ನಾನ ಬೀರಪ್ಪಗ ಬೇಡ್ಕೊಂಡಿದ್ದೆ, ಛಲೋ ಆತು' ಅಂದ್ಲು."

ಮಾಮಾ ಇಲ್ಲದ್ದನ್ನು ಹೇಳುವವರಲ್ಲ. ಆದರೆ ನನ್ನ ಸಂಕಟ ನೋಡಲಾರದೆ ಹೇಳಿದರೋ, ಅಕ್ಕ ನಿಜವಾಗಿಯೂ ಹಾಗೆ ಅಂದಳೋ, ಅಂದಿದ್ದರೂ ಬೇಡಿಕೊಂಡಿದ್ದಕ್ಕೂ ನನ್ನ ಕೈಗೂ ಸಂಬಂಧವಿದೆಯೋ, ನನಗೆ ತಿಳಿಯದು. ಅವರನ್ನು ಮತ್ತೆ ಕೇಳಲು ಹೋಗಿಲ್ಲ.